ಬಿಚ್ಚದ ಗಂಟು

“ಕೂತ್ಕೊಳ್ರೀ!”

ಆ ಗದರಿಕೆ ನೀರಿನ ಮೇಲೆ ಹಾದು ಕೆರೆಯ ಏರಿಯ ಮೇಲಿದ್ದವರ ಕಿವಿಗೂ ಬಿದ್ದಿರಬೇಕು.

ಕಮಲಾಕ್ಷಿ ಬೆಚ್ಚಿಬಿದ್ದಳು. ಹುಟ್ಟಿದಾಗಿನಿಂದ ಅವಳನ್ನು ಯಾರೂ ಹೀಗೆ ಗದರಿದ್ದೇ ಇಲ್ಲ. ತಾವರೆಕೆರೆಯ ಕಡಲೆಕಾಯಿ ವ್ಯಾಪಾರಿ ರೇಣುಕಯ್ಯನವರ ಒಬ್ಬಳೇ ಮಗಳು. ಆ ಮನೆಯಲ್ಲಿ ಗದರುವುದೇನಿದ್ದರೂ ಅವಳದೇ ಕೆಲಸ!

ದೋಣಿಯ ನಡುವೆ ನಿಂತಲ್ಲೇ ತಿರುಗಿದಳು. “ಯಾರಿಗೆ ಹೇಳ್ತಿರೋದು ನೀವು?”

“ನಿಮ್ಗೇ! ನಿಂತಿರೋರು ನೀವೊಬ್ರೇ ಅಲ್ವಾ?”

ಹಿಂದೆ ಚುಕ್ಕಾಣಿ ಹಿಡಿದು ಕೂತಿದ್ದವನು ಕಣ್ಣು ಕೂಡ ಮಿಟುಕಿಸಲಿಲ್ಲ. ತಲೆಗೆ ದೊಡ್ಡ ಬಿಳಿ ರುಮಾಲು, ಬಿಸಿಲಿಗೆ ಸುಟ್ಟ ಮುಖ.

ಪಕ್ಕದಲ್ಲಿದ್ದ ಅಜ್ಜಿ ಕರಿಬಸಮ್ಮ ಸೆರಗು ಹಿಡಿದು ಎಳೆದರು. ಕಮಲಾಕ್ಷಿ ದೊಪ್ಪನೆ ಕೂತಳು. ಅದೇ ಕ್ಷಣ ಗಾಳಿ ದಿಕ್ಕು ಬದಲಿಸಿತು. ಹಾಯಿ ಕಟ್ಟಿದ್ದ ಬಿದಿರಿನ ಗಳ ಸುಯ್ಯೆಂದು ತಿರುಗಿ, ಅವಳ ತಲೆ ಇದ್ದ ಜಾಗವನ್ನೇ ಸವರಿಕೊಂಡು ಆಚೆ ಹೋಯಿತು.

‘ಅಯ್ಯೋ... ನಿಂತೇ ಇದ್ದಿದ್ದರೆ?’

ಉಪಕಾರವಾಯಿತೆಂದು ಒಂದು ಮಾತು ಹೇಳಬೇಕು ಅನ್ನಿಸಿತು. ಆದರೆ ಗದರಿಸಿಕೊಂಡವಳು ಅಷ್ಟು ಬೇಗ ಸೋಲುತ್ತಾಳೆಯೇ?

“ಮೆತ್ತಗೆ ಹೇಳಿದ್ರೂ ಕೇಳಿಸ್ತಿತ್ತು,” ಎಂದಳು.

“ಮೆತ್ತಗೆ ಹೇಳಿದ್ನಲ್ಲ, ಎರಡು ಸಲ. ಕೊಕ್ಕರೆ ನೋಡ್ತಾ ನಿಂತಿದ್ರಿ.” ಅವನ ತುಟಿಯ ಅಂಚಿನಲ್ಲಿ ನಗು ಸುಳಿಯಿತು.

ಕಮಲಾಕ್ಷಿ ಮುಖ ತಿರುಗಿಸಿಕೊಂಡಳು. ತಾನೂ ನಗುತ್ತಿರುವುದನ್ನು ಅವನು ನೋಡಬಾರದಲ್ಲ!

* * *

ಮೈಸೂರಿನಲ್ಲಿ ನಾಲ್ವಡಿಯವರು ಆಳುತ್ತಿದ್ದ ಕಾಲ. ಆ ವರ್ಷ ಶಿರಾ ಸೀಮೆಗೆ ಮಳೆ ಯಾವ ಜನ್ಮದ ಬಾಕಿಯೋ ಎಂಬಂತೆ ಸುರಿದಿತ್ತು. ತಾವರೆಕೆರೆಗೂ ಬರಗೂರಿಗೂ ನಡುವಿನ ನಾಗಸಮುದ್ರದ ಕೆರೆ ಕೋಡಿ ಬಿದ್ದು, ಕೆರೆಯೊಳಗಿನ ದಿಬ್ಬಗಳೆಲ್ಲ ನಡುಗಡ್ಡೆಗಳಾಗಿದ್ದವು. ಮೂಡಲಿಗೆ ಕಲ್ಲಿನ ಬಸವಣ್ಣನಿರುವ ಬಸವನ ಗುಡ್ಡೆ. ಪಡುವಲಿಗೆ ಹಕ್ಕಿಗಳು ತುಂಬಿದ ಕೊಕ್ಕರೆ ದಿಣ್ಣೆ. ನಡುವೆ ಪಾಳೇಗಾರರ ಕಾಲದ ಮುರುಕು ಮಂಟಪ.

ಚುಕ್ಕಾಣಿ ಹಿಡಿದಿದ್ದ ಆ ಮಲ್ಲಿಕಾರ್ಜುನ ಮಂಗಳೂರಿನ ಬಂದರಿನಲ್ಲಿ ದೋಣಿ ಕಟ್ಟುವುದನ್ನು ಕಲಿತು ಬಂದವನು. ತನ್ನೂರು ಬರಗೂರಿಗೆ ಬಂದವನೇ ಹಾಯಿ ದೋಣಿಯೊಂದನ್ನು ಕಟ್ಟಿ ಕೆರೆಗಿಳಿಸಿದ.

“ಬರಗೂರ್ ಕಡೆ ದೋಣಿಯಂತೆ! ನಾಳೆ ಹಡಗು ತರ್ತಾನೆ ಬುಡು!” ಎಂದು ಜನ ನಕ್ಕರು.

ನಕ್ಕವರೇ ಆಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ಮಧುಗಿರಿಯ ಅಧಿಕಾರಿಗಳ ಮನೆಯವರು ಗ್ರಾಮಫೋನು ಹೊತ್ತು ತಂದರು. ಶಿರಾದ ವಕೀಲರು ಬುತ್ತಿ ಕಟ್ಟಿಸಿ ಮಂಟಪದಲ್ಲಿ ಊಟ ಹಾಕಿಸಿದರು. ಪಾವಗಡದ ಸಾಹುಕಾರರೊಬ್ಬರು “ಅಬ್ಬಬ್ಬ, ಏಮಿ ಗಾಳಿ ಸ್ವಾಮಿ!” ಎನ್ನುತ್ತ ಸಂಜೆಯವರೆಗೂ ದೋಣಿ ಇಳಿಯಲಿಲ್ಲ. ಒಟ್ಟಿನಲ್ಲಿ ಭಾನುವಾರ ಬಂತೆಂದರೆ ನಾಗಸಮುದ್ರದ ನಡುಗಡ್ಡೆಗಳಿಗೆ ಹೋಗಿ ಬರುವುದೇ ಒಂದು ಶೋಕಿಯಾಯಿತು.

ಅಜ್ಜಿ ಕರಿಬಸಮ್ಮನದು ಮಾತ್ರ ಶೋಕಿಯಲ್ಲ, ಹರಕೆ. ಕಾರ್ತಿಕದ ಪ್ರತಿ ಸೋಮವಾರ ಬಸವನ ಗುಡ್ಡೆಯ ಬಸವಣ್ಣನಿಗೆ ಬಿಲ್ವ ಏರಿಸಬೇಕು. ಜೊತೆಗೆ ಮೊಮ್ಮಗಳು.

ಎರಡನೆಯ ಸೋಮವಾರಕ್ಕೆ ಮೊಮ್ಮಗಳಿಗೆ ಅಜ್ಜಿಗಿಂತ ಹೆಚ್ಚು ಭಕ್ತಿ ಬಂದಿತ್ತು! ನಸುಕಿನಲ್ಲೇ ಎದ್ದು ಬಿಲ್ವ ಬಿಡಿಸಿ, ಜಡೆ ಹೆಣೆದು ಸಿದ್ಧ.

“ಬಸವಣ್ಣ ಎಲ್ಲಿಗೂ ಓಡೋಗಲ್ಲ ಕಣಮ್ಮ,” ಎಂದು ಅಜ್ಜಿ ರೇಗಿಸುತ್ತಿದ್ದರು.

ಮಲ್ಲಿಕಾರ್ಜುನನ ಬಗ್ಗೆ ಅವಳಿಗೆ ಎಲ್ಲವೂ ಹಿಡಿಸಿತ್ತು, ಒಂದನ್ನು ಬಿಟ್ಟು. ಆ ರುಮಾಲು! ಯಾವ ಸೆಕೆಗೂ ತೆಗೆಯುವವನಲ್ಲ. ಊಟಕ್ಕೆ ಮುಂಚೆ ಎರಡೂ ಕೈಯಲ್ಲಿ ಅದನ್ನು ಮುಟ್ಟಿ, ಕಣ್ಣು ಮುಚ್ಚಿ, ಆಮೇಲೆ ರೊಟ್ಟಿ ಮುರಿಯುತ್ತಿದ್ದ.

‘ರುಮಾಲು ಸೊಟ್ಟಗಾಯಿತೇನೋ ಅಂತ ಎಷ್ಟು ಚಿಂತೆ! ಗಂಡಸರಿಗೂ ಇಷ್ಟು ಸಿಂಗಾರವೇ?’ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಇಬ್ಬರ ಮನಸ್ಸು ಅರಿತ ಅಜ್ಜಿಯೇ ಮಗನ ಕಿವಿಗೆ ಹಾಕಿದರು. ಹುಡುಗನೂ ನಮ್ಮವನೇ, ಲಿಂಗ ಧರಿಸುವ ಮನೆತನ. ರೇಣುಕಯ್ಯ ಒಪ್ಪಿದರು. ಹುಡುಗನ ದೊಡ್ಡಪ್ಪ ಮಹಾಲಿಂಗಯ್ಯ ಬಂದು ಮಾತಾಡಿಹೋದರು. ಕಾರ್ತಿಕ ಕಳೆದ ಮೇಲೆ ತಾಂಬೂಲ ಬದಲಾಯಿಸುವುದೆಂದಾಯಿತು.

ಎಲ್ಲಾ ಅಂದುಕೊಂಡಂತೆ ನಡೆದಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ...

* * *

ಒಂದು ಮಧ್ಯಾಹ್ನ ಅಜ್ಜಿ ದೋಣಿಯಲ್ಲೇ ಮರೆತಿದ್ದ ಬಿಲ್ವದ ಬುಟ್ಟಿ ತರಲು ಕಮಲಾಕ್ಷಿ ಕೆರೆಗೆ ಹೋದಳು. ಬುಟ್ಟಿ ನೆಪ ಅನ್ನುವುದನ್ನು ಬೇರೆ ಹೇಳಬೇಕೇ?

ಮಲ್ಲಿಕಾರ್ಜುನ ಸೊಂಟದವರೆಗೆ ನೀರಿನಲ್ಲಿ ನಿಂತು ದೋಣಿಯ ತಳ ತಿಕ್ಕುತ್ತಿದ್ದ. ಮೈಮೇಲೆ ಅಂಗಿಯಿರಲಿಲ್ಲ. ನಾಚಿ ಕಣ್ಣು ಕೆಳಗಿಳಿಸಬೇಕಾದವಳು ಕಣ್ಣು ಕೀಳಲಾಗದೆ ನಿಂತುಬಿಟ್ಟಳು.

ಕೊರಳು ಬರಿದಾಗಿತ್ತು.

ಶಿವದಾರವಿಲ್ಲ. ಎದೆಯ ಮೇಲೆ ಲಿಂಗವಿಡುವ ಕರಡಿಗೆಯಿಲ್ಲ. ತೋಳಿನಲ್ಲೂ ಇಲ್ಲ!

ಅಷ್ಟರಲ್ಲಿ ಅವನು ದಡಕ್ಕೆ ಬಂದು ಕೂತು, ಬುತ್ತಿ ಬಿಚ್ಚಿ, ಎಂದಿನಂತೆ ರುಮಾಲು ಮುಟ್ಟಿ, ರೊಟ್ಟಿ ತಿನ್ನತೊಡಗಿದ.

ಕಮಲಾಕ್ಷಿಯ ಕೈ ತಾನಾಗಿಯೇ ತನ್ನ ಎದೆಯ ಮೇಲಿನ ಕರಡಿಗೆಯನ್ನು ಬಿಗಿಹಿಡಿಯಿತು. ಅವರ ಮನೆಯಲ್ಲಿ ಜೀವ ಬೇರೆಯಲ್ಲ, ಲಿಂಗ ಬೇರೆಯಲ್ಲ. ಅಜ್ಜಿಯ ಅಕ್ಕನೊಬ್ಬರ ಕರಡಿಗೆ ಬಾವಿಗೆ ಬಿದ್ದಾಗ, ಬಾವಿಯ ನೀರೆಲ್ಲ ಎತ್ತಿ ಅದು ಸಿಗುವ ತನಕ ಆ ತಾಯಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಆ ಕಥೆ ಕೇಳಿಯೇ ಬೆಳೆದವಳು ಇವಳು.

‘ಇವರು... ಲಿಂಗವನ್ನೇ ಬಿಟ್ಟವರೇ? ಬಿಟ್ಟು, ದೊಡ್ಡಪ್ಪನನ್ನು ಕಳಿಸಿ ನಮ್ಮಪ್ಪನ ಮುಂದೆ ಮದುವೆ ಮಾತಾಡಿಸಿದರೇ?’

ಸರಸರನೆ ಅವನ ಮುಂದೆ ಹೋಗಿ ನಿಂತಳು.

“ನಿಮ್ಮ ಲಿಂಗ ಎಲ್ಲಿ?”

ಮಲ್ಲಿಕಾರ್ಜುನ ಬಾಯಿಗಿಡುತ್ತಿದ್ದ ತುತ್ತು ಕೆಳಗಿಳಿಸಿದ. “ಐತೆ.”

“ಐತೆ ಅಂದ್ರೆ? ಕೊರಳಲ್ಲಿ ಇಲ್ಲ, ಮೈಮೇಲೆ ಎಲ್ಲೂ ಇಲ್ಲ. ತೋರ್ಸಿ ನೋಡೋಣ!”

ಅವನ ಮುಖದಲ್ಲಿ ಏನೋ ಮುರಿದಂತಾಯಿತು.

“ಯಾಕೆ ಹಿಂಗೆ ಅಂತ ಕೇಳಿದ್ರೆ ಹೇಳ್ತಿದ್ದೆ,” ಎಂದ ನಿಧಾನವಾಗಿ. “ತೋರ್ಸು ಅಂದ್ರೆ... ತೋರ್ಸಲ್ಲ. ಅದು ಸಾಕ್ಷಿ ಹೇಳಕ್ಕೆ ಇರೋದಲ್ಲ.”

“ಇದ್ದಿದ್ರೆ ತಾನೇ ತೋರ್ಸೋದು!”

“ನನ್ನ ಮಾತು ಸಾಲದಾ ನಿಮ್ಗೆ?”

ಅವಳು ಸರ್ರನೆ ತಿರುಗಿ ನಡೆದಳು. ಬುಟ್ಟಿಯನ್ನೂ ತೆಗೆದುಕೊಳ್ಳಲಿಲ್ಲ. ಏರಿ ಹತ್ತುವಷ್ಟರಲ್ಲಿ ದಾರಿಯೇ ಕಾಣದಷ್ಟು ಕಣ್ಣು ತುಂಬಿತ್ತು.

ಅಂದು ಸಂಜೆ ಮನೆಯಲ್ಲಿ ಒಂದೇ ಮಾತು ಹೇಳಿದಳು. “ನಂಗೆ ಈ ಮದ್ವೆ ಬೇಡ.”

“ಯಾಕಮ್ಮಾ?” ರೇಣುಕಯ್ಯ ಕೇಳಿದರು. ಗೋಗರೆದರು. ರೇಗಿದರು.

ಅವಳು ಬಾಯಿ ಬಿಡಲಿಲ್ಲ. ಹೇಗೆ ಬಿಟ್ಟಾಳು? ಲಿಂಗವಿಲ್ಲದವನು ಎಂಬ ಮಾತು ಹೊರಬಿದ್ದರೆ ಅವನ ಕೈಯ ನೀರು ಕೂಡ ಯಾರೂ ಮುಟ್ಟುವುದಿಲ್ಲ. ಅವನ ದೋಣಿಗೆ ಯಾರು ಹತ್ತುತ್ತಾರೆ? ಅವನ ಮೇಲೆ ಅಷ್ಟು ಕೋಪವಿದ್ದೂ ಅವನ ಬದುಕು ಹಾಳು ಮಾಡಲು ಅವಳಿಂದಾಗಲಿಲ್ಲ. ಪ್ರೀತಿಸಿದವರ ಕೋಪ ಇಷ್ಟೇ ನೋಡಿ!

ರೇಣುಕಯ್ಯ ಕೊನೆಗೆ ಕಡ್ಡಿ ಮುರಿದಂತೆ ಹೇಳಿದರು. “ಹೊಳವನಹಳ್ಳಿ ಅಂಗಡಿ ನಾಗಲಿಂಗಯ್ಯನೋರು ಮಗನಿಗೆ ನಿನ್ನ ಕೇಳಿದಾರೆ. ಅಜ್ಜಿ ಹರಕೆ ಮುಗೀಲಿ. ಕೊನೇ ಸೋಮವಾರದ ಮಾರನೇ ದಿನ ಅವರು ಬರ್ತಾರೆ, ತಾಂಬೂಲ ಬದಲಾಯಿಸೋದೇ. ಆಮೇಲೆ ಇನ್ನೊಂದು ಮಾತು ನಂಗೆ ಬೇಡ.”

ಕಮಲಾಕ್ಷಿ ತಲೆಯಾಡಿಸಿದಳು. ಆ ರಾತ್ರಿ ದಿಂಬು ಒದ್ದೆಯಾಯಿತು.

* * *

ಕೊನೆಯ ಸೋಮವಾರ.

ಬಸವನ ಗುಡ್ಡೆಗೆ ಹೋಗುವಾಗ ಅವಳು ನೀರಿನತ್ತ, ಅವನು ಹಾಯಿಯತ್ತ ನೋಡುತ್ತ ಕೂತಿದ್ದರು. ಅಜ್ಜಿ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ ನೀರಿನ ತಂಬಿಗೆಯನ್ನು ಮಡಿಲಿಗೆಳೆದುಕೊಂಡರು.

‘ನಾಳೆ ಎಲ್ಲಾ ಮುಗಿಯಿತು,’ ಎಂದುಕೊಂಡಳು ಕಮಲಾಕ್ಷಿ. ‘ಮತ್ತೆ ಈ ದೋಣಿ ಹತ್ತುವುದಿಲ್ಲ. ಈ ಮುಖ ನೋಡುವುದಿಲ್ಲ...’

ಬಿಲ್ವ ಏರಿಸಿ ಹೊರಟಾಗ ಮೂಡಲಲ್ಲಿ ಮೋಡ ಕಪ್ಪಗಾಗಿತ್ತು. ಕೆರೆಯ ನಡುವಿಗೆ ಬಂದಿದ್ದರೋ ಇಲ್ಲವೋ, ಮೂಡಗಾಳಿ ಒಮ್ಮೆಗೇ ಬಡಿಯಿತು. ನೀರು ಎದ್ದೆದ್ದು ದೋಣಿಯೊಳಗೆ ಚೆಲ್ಲಿತು.

“ಅಜ್ಜಿನ ಹಿಡ್ಕೊಳ್ಳಿ! ತಲೆ ಬಗ್ಸಿ!”

ಹಾಯಿ ಇಳಿಸುವ ಮೊದಲೇ ಗಳ ರಪ್ಪನೆ ತಿರುಗಿತು. ಎಲ್ಲರಿಗೂ ಬಗ್ಗಲು ಹೇಳಿದವನು ತಾನು ಬಗ್ಗುವುದು ತಡವಾಯಿತು. ಗಳ ಅವನ ರುಮಾಲನ್ನು ಬಡಿದು ಹಾರಿಸಿ ನೀರಿಗೆ ಹಾಕಿತು.

ಮಲ್ಲಿಕಾರ್ಜುನ ಕೂಗಿದ. ಮಾತಲ್ಲ, ಬರೀ ಕೂಗು. ಚುಕ್ಕಾಣಿಯಿಂದ ಒಂದು ಕೈ ಬಿಟ್ಟು ಮುಂದೆ ಚಾಚಿದ. ರುಮಾಲು ಮಾರು ದೂರದಲ್ಲೇ ತೇಲುತ್ತಿತ್ತು, ಹಾರಿದ್ದರೆ ಸಿಗುತ್ತಿತ್ತು!

ಆದರೆ ಚುಕ್ಕಾಣಿ ಸಡಿಲವಾಗುತ್ತಲೇ ದೋಣಿ ಪಕ್ಕಕ್ಕೆ ವಾಲಿತು. ಅಜ್ಜಿ “ಶಿವಶಿವಾ!” ಎಂದು ಚೀರಿದರು.

ಅವನು ಅಜ್ಜಿಯನ್ನು ನೋಡಿದ. ಕಮಲಾಕ್ಷಿಯನ್ನು ನೋಡಿದ. ಚಾಚಿದ ಕೈ ಹಿಂದಕ್ಕೆ ಬಂದು ಚುಕ್ಕಾಣಿ ಹಿಡಿಯಿತು.

ರುಮಾಲು ಅಲೆಗಳ ನಡುವೆ ಕಾಣದಾಯಿತು.

ಕಮಲಾಕ್ಷಿ ಅವನ ಮುಖವನ್ನೇ ನೋಡುತ್ತಿದ್ದಳು. ಸತ್ತವರ ಮುಖದಲ್ಲೂ ಅಷ್ಟು ಬಿಳುಪು ಇರುವುದಿಲ್ಲ. ‘ಒಂದು ರುಮಾಲಿಗೆ ಇಷ್ಟೊಂದೇ?’

ಗಾಳಿ ತಳ್ಳಿದತ್ತ ದೋಣಿ ಓಡಿತು. ಹೇಗೋ ಹತ್ತಿರದಲ್ಲೇ ಇದ್ದ ಕೊಕ್ಕರೆ ದಿಣ್ಣೆಯ ದಡಕ್ಕೆ ಮುಟ್ಟಿಸಿ, ಅಜ್ಜಿಯನ್ನು ಎತ್ತಿ ಇಳಿಸಿ, ದೋಣಿಯನ್ನು ಮರಕ್ಕೆ ಬಿಗಿದ. ಅವನ ಬರಿತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಜ್ಜಿ ಮಡಿಲಲ್ಲಿ ಕಾಪಾಡಿಕೊಂಡಿದ್ದ ತಂಬಿಗೆಯನ್ನು ಚಾಚಿದರು. “ದೇವ್ರು ಬಂದಂಗೆ ಕಾಪಾಡ್ದೆ ಕಣಪ್ಪ. ತಗೋ, ಒಂದು ಗುಟುಕು ನೀರು ಕುಡಿ.”

“ಬೇಡ ಅಜ್ಜಿ.”

“ಬಾಯಿ ಒಣಗೈತೆ, ಮಾತೇ ಹೊರಡ್ತಿಲ್ಲ. ಕುಡಿ ಮಗಾ!”

“ಇನ್ನು ಕುಡಿಯಂಗಿಲ್ಲ ಅಜ್ಜಿ,” ಎಂದ. ದನಿ ಒಡೆದಿತ್ತು. “ಅದು ಸಿಗೋಗಂಟ ಕುಡಿಯಂಗಿಲ್ಲ.”

ಅಷ್ಟು ಹೇಳಿ ಅಲೆಗಳಿಗೆ ಧುಮುಕಿದ.

ಕರಡಿಗೆ ಸಿಗುವ ತನಕ ನೀರು ಕುಡಿಯದ ಅಜ್ಜಿಯ ಅಕ್ಕ ಕಮಲಾಕ್ಷಿಗೆ ನೆನಪಾದರು.

ಊಟಕ್ಕೆ ಮುಂಚೆ ರುಮಾಲು ಮುಟ್ಟುತ್ತಿದ್ದ ಎರಡು ಕೈ... ಮುಚ್ಚುತ್ತಿದ್ದ ಕಣ್ಣು... ಯಾವ ಸೆಕೆಗೂ ತೆಗೆಯದ ರುಮಾಲು...

“ಅಜ್ಜಿ!” ಅವಳು ಅಜ್ಜಿಯ ಕೈ ಹಿಡಿದಳು. “ಲಿಂಗ... ತಲೆ ಮೇಲೂ ಕಟ್ಕೋಬಹುದಾ?”

“ಹೂಂ ಕಣಮ್ಮ. ಹೊಕ್ಕಳಿಂದ ಕೆಳಗೆ ಇಳೀಬಾರ್ದು ಅಷ್ಟೆ. ತಲೆಗಿಂತ ದೊಡ್ಡ ಜಾಗ ಯಾವ್ದೈತೆ? ನೀರಲ್ಲೇ ಬದುಕೋನು, ಎದೆ ಮೇಲಿದ್ರೆ ದಾರ ಕಿತ್ತೋದೀತು ಅಂತ...” ಅಜ್ಜಿಗೆ ಆಗ ಹೊಳೆಯಿತು. “ಅಯ್ಯೋ ಶಿವನೇ! ರುಮಾಲಲ್ಲಿತ್ತಾ?”

ಕಮಲಾಕ್ಷಿ ಹಣೆ ಚಚ್ಚಿಕೊಂಡಳು.

‘ತೋರಿಸು ಅಂದೆನಲ್ಲಾ... ಕೇಳದೆ ತೀರ್ಪು ಕೊಟ್ಟೆನಲ್ಲಾ! ಆ ಜೀವ ತನ್ನ ಲಿಂಗ ಕಣ್ಣೆದುರೇ ಹೋಗುತ್ತಿದ್ದರೂ ನನಗಾಗಿ ಚುಕ್ಕಾಣಿ ಬಿಡಲಿಲ್ಲ. ಅಂಥವರಿಗೆ...’

“ಅಜ್ಜಿ, ಆ ತಂಬಿಗೆ ಒಳಗಿಡು. ಅವರು ಕುಡಿಯೋಗಂಟ ನಾನೂ ಕುಡಿಯಲ್ಲ!”

* * *

ಮಲ್ಲಿಕಾರ್ಜುನ ರುಮಾಲು ಬಿದ್ದ ಜಾಗದಲ್ಲೇ ಮುಳುಗುತ್ತಿದ್ದ, ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಬೆಳ್ಳಿ ಕರಡಿಗೆಯ ಭಾರಕ್ಕೆ ಅದು ಅಲ್ಲೇ ತಳ ಸೇರಿರಬೇಕೆಂದು ಅವನ ಎಣಿಕೆ. ಪ್ರತಿ ಸಲವೂ ಏಳುವುದು ತಡವಾಗುತ್ತಿತ್ತು. ಹೀಗೇ ಬಿಟ್ಟರೆ ಒಂದು ಸಲ ಏಳುವುದೇ ಇಲ್ಲ!

ಕಮಲಾಕ್ಷಿ ದಡದಲ್ಲಿ ಹುಚ್ಚಿಯಂತೆ ಓಡಾಡಿದಳು. ‘ಬಿದ್ದಾಗ ತೇಲುತ್ತಿತ್ತು. ನಾನೇ ನೋಡಿದೆ. ನಮ್ಮ ದೋಣಿಯನ್ನು ಇಲ್ಲಿಗೆ ತಂದ ಗಾಳಿ ಅದನ್ನೂ ಇತ್ತಲೇ ತಂದಿರಬೇಕಲ್ಲವೇ?’

ದಿಣ್ಣೆಯ ತುದಿಯಲ್ಲಿ ಅರ್ಧ ಮುಳುಗಿದ ಜಾಲಿ ಮರಗಳಿದ್ದವು. ಗಾಳಿ ತಂದ ಕಸಕಡ್ಡಿಯೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ಕಸದ ನಡುವೆ ಏನೋ ಬೆಳ್ಳಗೆ...

ಕೊಕ್ಕರೆಯೇ? ಅಲ್ಲ, ಕೊಕ್ಕರೆಯಾದರೆ ಅಲುಗುತ್ತಿತ್ತು!

ಈಜು ಬಾರದು. ಸೀರೆ ಎತ್ತಿ ಕಟ್ಟಿದಳು. ಮೊಣಕಾಲು, ಸೊಂಟ, ಎದೆ... ತನ್ನ ಕರಡಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಜಾಲಿ ಮುಳ್ಳು ತೋಳನ್ನು ಗೀರಿತು. ಬೆರಳಿಗೆ ಬಟ್ಟೆ ತಾಗಿತು. ಎಳೆದರೆ ಬರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು.

ಅಲ್ಲಿ ನೆಲವೇ ಇರಲಿಲ್ಲ!

“ಕಮಲೀ!” ಅಜ್ಜಿಯ ಕೂಗು ಕೇಳಿ ಮಲ್ಲಿಕಾರ್ಜುನ ತಿರುಗಿದ. ಜಾಲಿ ಮರಗಳ ನಡುವೆ ಒಂದು ಕಪ್ಪು ಜಡೆ ಮುಳುಗುವುದು ಕಂಡಿತು.

ಎಲ್ಲಿತ್ತೋ ಆ ಶಕ್ತಿ, ನೀರನ್ನು ಸೀಳಿಕೊಂಡು ಬಂದ. ಅವಳ ತೋಳು ಹಿಡಿದು ಮೇಲೆತ್ತಿದ. ದಡಕ್ಕೆ ಎಳೆದು ತಂದ.

“ಬುದ್ಧಿ ಐತಾ ನಿಮ್ಗೆ? ಈಜು ಬರಲ್ಲ, ಏನಿಲ್ಲ... ಪ್ರಾಣ ಹೋಗಿದ್ರೆ?”

ಅವಳು ಕೆಮ್ಮುತ್ತಲೇ ಬಾಯಲ್ಲಿದ್ದ ಕರಡಿಗೆಯನ್ನು ಎದೆಗಿಳಿಸಿ, ಎರಡೂ ಕೈ ಮೇಲೆತ್ತಿ ಚಾಚಿದಳು. ಕೆಸರಾದ, ಹರಿದ, ಮುಳ್ಳು ಚುಚ್ಚಿಕೊಂಡ ರುಮಾಲು. ಅದರ ಮಡಿಕೆಯೊಳಗೆ ಬಿಗಿಯಾದ ಒಂದು ಗಂಟು, ಹಾಗೇ ಇತ್ತು.

ಮಲ್ಲಿಕಾರ್ಜುನ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಗಂಟನ್ನು ಕಣ್ಣಿಗೊತ್ತಿಕೊಂಡ. ಆ ಗಟ್ಟಿ ಆಳು ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಗಂಟನ್ನು ಅವಳ ಮುಂದೆ ಹಿಡಿದ.

“ಆವತ್ತು ತೋರ್ಸು ಅಂದ್ರಲ್ಲ. ಬಿಚ್ತೀನಿ. ನೋಡ್ಕೊಳ್ಳಿ.”

“ಬೇಡ!”

“ಸಾಕ್ಷಿ ಬೇಕು ಅಂದೋರು ನೀವು...”

“ಈಗ್ತಾನೆ ನನ್ನ ಕೈಯಲ್ಲೇ ಇತ್ತು. ನೋಡ್ಬೇಕು ಅನ್ನಿಸ್ಲಿಲ್ಲ.” ಅವಳ ಕಣ್ಣೀರು ಕೆರೆಯ ನೀರಿನೊಂದಿಗೆ ಬೆರೆತು ಹರಿಯಿತು. “ನಿಮ್ಮ ಮಾತೇ ಸಾಕಿತ್ತು ನಂಗೆ. ಆವತ್ತೇ ಸಾಕಾಗ್ಬೇಕಿತ್ತು. ತಪ್ಪಾಯ್ತು...”

“ನಂದೂ ತಪ್ಪೈತೆ,” ಎಂದ ಅವನು. “ಮಂಗಳೂರಲ್ಲಿ ಒಂದ್ಸಲ ಅಲೆ ಬಡಿದು ಶಿವದಾರ ಕಿತ್ತೋಗಿತ್ತು. ಕೂದಲೆಳೆಯಲ್ಲಿ ಕೈಗೆ ಸಿಕ್ತು. ಆವತ್ತಿಂದ ನಮ್ಮ ಮಠದ ಅಯ್ನೋರು ತಲೆ ಮೇಲೆ ಕಟ್ಕೊಳ್ಳೋ ಅಂದ್ರು. ಇಷ್ಟು ಹೇಳಕ್ಕೆ ನಂಗೇನಾಗಿತ್ತು? ಹಠ. ನೀವು ನಂಬ್ಲಿಲ್ಲ ಅನ್ನೋ ಹಠ.”

ಅವನು ಆಚೆ ತಿರುಗಿ ಗಂಟನ್ನು ತಲೆಗೇರಿಸಿ, ಹರಿದ ರುಮಾಲು ಸುತ್ತಿದ. ಎರಡೂ ಕೈಯಲ್ಲಿ ಮುಟ್ಟಿ ಕಣ್ಣು ಮುಚ್ಚಿದ. ಈ ಸಲ ಕಮಲಾಕ್ಷಿಯೂ ಕೈ ಮುಗಿದಳು.

ಅಜ್ಜಿಯ ಕೈಯಿಂದ ತಂಬಿಗೆ ತಂದು ಅವನಿಗೆ ಕೊಟ್ಟಳು. “ಈಗ ಕುಡೀರಿ.”

“ಮೊದ್ಲು ನೀವು.”

“ನೀವು ಕುಡಿಯೋಗಂಟ ನಾನು ಕುಡಿಯಲ್ಲ ಅಂತ ಹೇಳಾಗೈತೆ.”

ಅವನು ಅವಳನ್ನೇ ನೋಡಿದ. ಗುಟುಕರಿಸಿದ. ಉಳಿದ ನೀರನ್ನು ಅವಳ ಬೊಗಸೆಗೆ ಸುರಿದ.

“ನಾಳೆ ಹೊಳವನಹಳ್ಳಿಯೋರು ಬರ್ತಾರಂತೆ, ತಾಂಬೂಲಕ್ಕೆ,” ಎಂದ, ಎತ್ತಲೋ ನೋಡುತ್ತ.

“ಅಜ್ಜಿ!” ಕಮಲಾಕ್ಷಿ ತಿರುಗಿ ಕೂಗಿದಳು. “ಅಪ್ಪನಿಗೆ ಏನಂತೀಯ?”

“ಏನನ್ನಾಣ? ಹರಕೆ ತೀರ್ತು, ಬಸವಣ್ಣ ವರ ಕೊಟ್ಟ ಅಂತೀನಿ,” ಎಂದರು ಕರಿಬಸಮ್ಮ. “ಹೊಳವನಹಳ್ಳಿಗೆ ಬೆಳಗಾಗೋದ್ರೊಳಗೆ ಆಳು ಓಡಿಸೋ ಭಾರ ನಂದು. ನಿಮ್ಮಪ್ಪ ನನ್ನ ಮಗ ತಾನೆ? ನನ್ನ ಮಾತು ಮೀರ್ಲಿ ನೋಡಾಣ! ನಡೀರಿ, ಚಳಿಗೆ ನನ್ನ ಹಲ್ಲೆಲ್ಲಾ ಕಟಕಟ ಅಂತಾವೆ.”

ಗಾಳಿ ತಗ್ಗಿತ್ತು. ಮೋಡದಂಚಿನಿಂದ ಸಂಜೆಯ ಬಿಸಿಲು ಕೆರೆಯ ಮೇಲೆ ಬಿತ್ತು. ದೋಣಿ ದಿಣ್ಣೆ ಬಿಟ್ಟು ಹೊರಟಿತು. ಕೊಕ್ಕರೆಗಳು ಗುಂಪುಗುಂಪಾಗಿ ಮರಗಳಿಗೆ ಮರಳುತ್ತಿದ್ದವು.

ನೋಡುತ್ತ ನೋಡುತ್ತ ಕಮಲಾಕ್ಷಿ ಮೈಮರೆತು ಎದ್ದು ನಿಂತಳು.

“ಕೂತ್ಕೊಳ್ರೀ...” ಹಿಂದಿನಿಂದ ದನಿ ಬಂತು. ಈ ಸಲ ಬಹಳ ಮೆತ್ತಗೆ.

ಅವಳು ತಿರುಗಿ ನೋಡಿದಳು. ಕೆನ್ನೆ ಕೆಂಪಗಾಗಿತ್ತು.

“ಇನ್ಮೇಲೆ ನೀವು ನನ್ನ ‘ರೀ’ ಅನ್ನಂಗಿಲ್ಲ. ಹಂಗನ್ನೋಳು ನಾನು.”

ಅಜ್ಜಿ ಏನೂ ಕೇಳಿಸದವರಂತೆ ಬಸವನ ಗುಡ್ಡೆಯ ಕಡೆಗೆ ಮುಖ ಮಾಡಿ ಕೂತರು.

ಮಲ್ಲಿಕಾರ್ಜುನ ಚುಕ್ಕಾಣಿಯನ್ನು ಬಿಗಿಯಾಗಿ ಹಿಡಿದುಕೊಂಡ.

“ಹಂಗಾದ್ರೆ... ಕೂತ್ಕೋ, ಕಮಲಾ.”

ಅವಳು ಕೂತಳು.